ಒಂದೇ ಸೀಟಿ

ಗಾಜಿಪುರ, ಕಲಬುರಗಿ
ಬುಧವಾರ, ೧೯ ನವೆಂಬರ್ ೨೦೨೫

ಕಮಲಾಪುರದ ರಾಜೇಶ್ರೀ ಅಕ್ಕನಿಗೆ ಮಲ್ಲಿಕಾಳ ನಮಸ್ಕಾರ.

ನಿಮ್ಮ ಮೊಣಕಾಲು ಹೇಗಿದೆ? ಎಣ್ಣೆ ತಿಕ್ಕುವುದನ್ನು ಬಿಡಬೇಡಿ. ಫೋನ್ ಬಿಟ್ಟು ಪತ್ರವೇಕೆ ಎನ್ನುತ್ತೀರಿ. ನಮಗಿರುವುದೇ ಒಂದು ಕೋಣೆ. ಈ ಎಎಲ್‌ಎಸ್ ಕಾಯಿಲೆ ನಿಮ್ಮ ತಮ್ಮನ ಕೈಕಾಲು, ಮಾತು ಎಲ್ಲ ಕಿತ್ತುಕೊಂಡರೂ ಕಿವಿ ಮಾತ್ರ ಚುರುಕಾಗಿಯೇ ಇದೆ. ಅದಕ್ಕೇ ಕಾಗದದಲ್ಲಿ ಕೇಳುತ್ತೇನೆ: ನೀವೂ ಮನೆಗೆ ಬರುವ ಆ ನರ್ಸ್ ಜೈನಾಬಿಯೂ ಸೇರಿ ಏನು ನಡೆಸಿದ್ದೀರಿ?

ಸೋಮವಾರ ಆಸ್ಪತ್ರೆಯಲ್ಲಿ ಇವರ ಗಂಟಲಿಗೆ ನಳಿಗೆ ಹಾಕುತ್ತಾರೆ, ಮುಂದೆ ಯಂತ್ರವೇ ಉಸಿರಾಡಿಸುತ್ತದೆ ಎಂದು ನಿಮಗೂ ಗೊತ್ತು, ಅವಳಿಗೂ ಗೊತ್ತು. ಆದರೂ ಅವಳು, ಯಂತ್ರ ಬೇಡವೆಂದು ರೋಗಿಯನ್ನು ಕೊನೆತನಕ ಮನೆಯಲ್ಲೇ ಇಟ್ಟುಕೊಳ್ಳುವವರಿಗೆ ಹೇಳುವ ಪಾಠವನ್ನೆಲ್ಲ ನನಗೆ ಹೇಳುತ್ತಾಳೆ. ಉಸಿರು ಸಿಕ್ಕಿಕೊಂಡರೆ ಔಷಧ ಎಷ್ಟು ಹನಿ, ತಲೆದಿಂಬು ಎಷ್ಟು ಎತ್ತರ, ಬಾಯಿ ಒಣಗಿದರೆ ಒದ್ದೆ ಹತ್ತಿ. ನಿನ್ನೆ ಮಂಚವನ್ನೂ ಕಿಟಕಿಯ ಕಡೆಗೆ ತಿರುಗಿಸಿದಳು. ಯಾಕವ್ವಾ ಎಂದರೆ, "ಅಣ್ಣಾರ ಕೇಳ್ಯಾರ್ರೀ ಭಾಬಿ, ರೋಡ್ ಕಾಣ್ಬೇಕಂತ" ಎಂದಳು. ಕೇಳ್ಯಾರಂತೆ! ಇಪ್ಪತ್ತಾರು ವರ್ಷ ಬಸ್ ಕಂಡಕ್ಟರಾಗಿದ್ದವರು, ಈಗ ಸೀಟಿಯ ಲೆಕ್ಕದಲ್ಲೇ ರೆಪ್ಪೆ ಬಡಿಯುತ್ತಾರೆ. ಎರಡು ಸಲ ಬಡಿದರೆ ರೈಟ್, ಹೋಗಲಿ. ಒಂದು ಸಲ ಬಡಿದರೆ ನಿಲ್ಲಿಸು. ಇದನ್ನು ಓದುತ್ತಿದ್ದವಳು ನಾನೊಬ್ಬಳೇ. ಅವಳಿಗೆ ಕಲಿಸಿದವರು ಯಾರು? ತಮ್ಮನ ಬಸ್ಸಿನಲ್ಲಿ ಓಡಾಡಿದ ನಿಮಗೆ ಸೀಟಿ ಗೊತ್ತು. ಹೋದ ವಾರ ಬಂದವರೂ ನೀವೇ.

ಇನ್ನು ಆ ಕೌದಿ. ನಾನು ಕೇಳಿರಲಿಲ್ಲ, ನಿಮ್ಮ ಅವ್ವನ ಹಳೇ ಸೀರೆ ಸೇರಿಸಿ ಹೊಲಿದು ಕಳಿಸಿದಿರಿ. ಆಸ್ಪತ್ರೆಯ ಮಂಚಕ್ಕೆ ಕೌದಿ ಬಿಡುತ್ತಾರೇನು? ನಾನು ಕುರುಡಿಯಲ್ಲ ಅಕ್ಕಾ. ಮೊನ್ನೆ ಹಾಲು ತಂದು ಒಳಗೆ ಕಾಲಿಟ್ಟೆ, ಜೈನಾಬಿ ತಟ್ಟನೆ ಮಾತು ನಿಲ್ಲಿಸಿದಳು. ಇವರು ಕಣ್ಣು ಮುಚ್ಚಿಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು.

ಮನೆಯವರನ್ನೆಲ್ಲ ಕೇಳಿದೆನೆಂದು ಹೇಳಿ. ಸಿಟ್ಟಿನಲ್ಲಿ ಬರೆದದ್ದನ್ನು ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮ
ಮಲ್ಲಿಕಾ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ನಳಿಗೆಯ ಮಾತು ಬಂದ ದಿನ ಡಾಕ್ಟರು, "ಅಮೋಘಪ್ಪನವರೇ, ನಳಿಗೆ ಹಾಕೋಣೇನ್ರೀ?" ಎಂದು ಕೇಳಿ, ಇವರ ರೆಪ್ಪೆ ನೋಡಿ, ತಿಳಿಯದೆ ನನ್ನ ಕಡೆ ತಿರುಗಿದರು. "ಹೂಂ ಅಂತಾರ್ರೀ" ಎಂದೆ. ಇವರು ಬಡಿದದ್ದು ಒಂದೇ ಸಲ, ಅಕ್ಕಾ. ಆಮೇಲೆ ರೆಪ್ಪೆ ಅಲುಗಿಸದೆ ನನ್ನನ್ನೇ ನೋಡುತ್ತಿದ್ದರು. ಭಾನುವಾರದೊಳಗೆ ಬನ್ನಿ. ಡಾಕ್ಟರನ್ನು ಮನೆಗೇ ಕರೆಸುತ್ತೇನೆ. ಅವರೆದುರು ನೀವು ಇವರನ್ನು ಕೇಳಿ, ನೀವೇ ರೆಪ್ಪೆ ಓದಿ ಹೇಳಿ. ನನ್ನ ಬಾಯಿಂದ ಅದು ಬರುವುದಿಲ್ಲ. ಕೌದಿ ಇವರಿಗೆ ಹೊದಿಸಿದ್ದೇನೆ.