ಅಪ್ಪನ ಬುಧವಾರ

ಮಾರ್ಚ್ 4, ಮಂಗಳವಾರ. ಬ್ಲ್ಯಾಕ್‌ಟೌನ್, ಸಿಡ್ನಿ

ಎಂಟಕ್ಕೆಲ್ಲ ಮನೆ ಖಾಲಿ. ಮಗ ತ್ರಿವಿಕ್ರಮ ರೈಲಿಗೆ, ಸೊಸೆ ಮಧುರಾ ನಾರ್ವೆಸ್ಟ್ ಬಡಾವಣೆಯ ಆಫೀಸಿಗೆ. ಮೊಮ್ಮಗಳು ಅರುಂಧತಿಯನ್ನು ಸ್ಕೂಲಿಗೆ ಬಿಡುವುದು ನಾನೇ. ದಾರಿಯುದ್ದಕ್ಕೂ ಮಗ್ಗಿ ಹೇಳಿಸಿದೆ. ಏಳರದ್ದು ತಪ್ಪಿದಳು. ಮತ್ತೆ ಮೊದಲಿಂದ.

"ಅಜ್ಜಿ, ಯೂ ಆರ್ ಸೋ ಸ್ಟ್ರಿಕ್ಟ್!"

ಇರಲಿ. ಕೂಸಾಗಿದ್ದಾಗಿನಿಂದ ಸಾಕಿದವಳು ನಾನು.

ಮಾರ್ಚ್ 9, ಭಾನುವಾರ

ಊಟದ ನಡುವೆ ಸುದ್ದಿ. ಇಬ್ಬರಿಗೂ ನೆದರ್‌ಲ್ಯಾಂಡ್ಸ್‌ನಲ್ಲಿ ಕೆಲಸ ಸಿಕ್ಕಿದೆಯಂತೆ.

"ಅಲ್ಲಿ ಜನಾನೇ ಸಾಲಲ್ವಂತೆ ಅಮ್ಮ. ಎಲ್ಲಿ ನೋಡಿದ್ರೂ ವೇಕೆನ್ಸಿ."

"ಜನ ಸಾಲದಿದ್ರೆ ಇರೋರನ್ನ ಹಗಲೂ ರಾತ್ರಿ ದುಡಿಸ್ತಾರೆ."

"ಇಲ್ಲ ಅತ್ತೆ," ಮಧುರಾ ನಕ್ಕಳು. "ನಮಗೆ ವಾರಕ್ಕೆ ನಾಲ್ಕೇ ದಿನ. ಅಲ್ಲಿ ಎಷ್ಟೋ ಜನ ಹಾಗೇ. ಅಪ್ಪಂದಿರೂ ಒಂದಿನ ಮನೇಲಿದ್ದು ಮಗು ನೋಡ್ಕೊತಾರೆ. ಪಾಪಾ ಡೇ ಅಂತಾರೆ ಅದನ್ನ. ಇವರದ್ದು ಬುಧವಾರ, ನಂದು ಶುಕ್ರವಾರ. ಉಳಿದ ದಿನ ಸ್ಕೂಲಾದ ಮೇಲೆ ಡೇಕೇರ್."

"ಗಂಡಸು ಬುಧವಾರ ಮನೇಲಿ ಕೂತು ಏನ್ಮಾಡ್ತಾನೆ? ಸೊಪ್ಪು ಬಿಡಿಸ್ತಾನಾ?"

ಎಲ್ಲರೂ ನಕ್ಕರು. ಆಮೇಲೆ ಹೊಳೆಯಿತು — ವಾರವನ್ನೆಲ್ಲ ಹಂಚಿಕೊಂಡಿದ್ದಾರೆ. ನನಗೆಂದು ಒಂದು ದಿನವೂ ಉಳಿದಿಲ್ಲ.

ಮಾರ್ಚ್ 12. ಸಂಜೆ

ತ್ರಿವಿಕ್ರಮ ಒಬ್ಬನೇ ಬಂದು ಕುಳಿತ. "ಅಮ್ಮ, ಅಲ್ಲಿ ತಾಯಿಗೆ ವೀಸಾ ಕಷ್ಟ. ಬಂದು ನೋಡ್ಕೊಂಡು ಹೋಗಬಹುದು, ಅಷ್ಟೇ. ನೀವು ಬೇಡ ಅಂದ್ರೆ ನಾವು ಹೋಗಲ್ಲ. ನಿಜವಾಗ್ಲೂ."

ಬೇಡ ಎನ್ನಬೇಕಿತ್ತು. ಗಂಟಲವರೆಗೂ ಬಂತು. ಮಕ್ಕಳೆದುರು ಅಂಗಲಾಚಿ ಗೊತ್ತಿಲ್ಲ ನನಗೆ.

"ನಂಗೂ ಮಗು ನೋಡಿ ಸಾಕಾಗಿದೆ. ಹೋಗಿ."

ಅವನ ಮುಖ ಸಣ್ಣದಾಯಿತು. ಹೆತ್ತ ಮಗ... ನಂಬಿಬಿಟ್ಟ.

ಜೂನ್ 20, ಶುಕ್ರವಾರ

ಹೊರಟರು. ಏರ್‌ಪೋರ್ಟಿನಲ್ಲಿ ಅರುಂಧತಿ ಸೆರಗು ಬಿಡಲಿಲ್ಲ. ನಾನೇ ಬೆರಳು ಬಿಡಿಸಿದೆ. ಅಳಲಿಲ್ಲ. ನಾಳೆ ಮೆಲ್ಬರ್ನ್, ಮಗಳು ಅಹಲ್ಯಾಳ ಮನೆ.

ಜುಲೈ 23, ಬುಧವಾರ. ಕ್ಲೇಟನ್, ಮೆಲ್ಬರ್ನ್. ಸಂಜೆ 6

ಅಹಲ್ಯಾಗೆ ಆಸ್ಪತ್ರೆ ಡ್ಯೂಟಿ. ಅಡುಗೆಯನ್ನೂ ಮಾಡಗೊಡುವುದಿಲ್ಲ. "ರೆಸ್ಟ್ ತಗೊಳ್ಳಿ ಅಮ್ಮ" — ದಿನಾ ಇದೇ.

ವಿಡಿಯೊ ಕಾಲ್ ಬಂತು. ಅಲ್ಲಿ ಬೆಳಿಗ್ಗೆ, ಸ್ಕೂಲಿಗೆ ಬೇಸಿಗೆ ರಜೆ. ಅಪ್ಪ ಮಗಳು ಸೈಕಲ್ ತುಳಿಯುತ್ತಾ ಕಾಲುವೆಯ ಬಳಿ ಹೋಗಿದ್ದರು. ತ್ರಿವಿಕ್ರಮ ಇಷ್ಟು ನಗುವುದನ್ನು ನಾನು ಕಂಡೇ ಇರಲಿಲ್ಲ. ನೋಡನೋಡುತ್ತಲೇ ಅರುಂಧತಿ ಬಿದ್ದಳು. ಅವನು ಫೋನ್ ಹುಲ್ಲಿನ ಮೇಲೆ ಬಿಸಾಡಿ ಓಡಿದ. ಪರದೆಯ ತುಂಬ ಬರೀ ಆಕಾಶ.

"ಮೊಣಕಾಲು ನೋಡೋ! ನೀರಲ್ಲಿ ತೊಳಿ ಮೊದಲು!" ಕೂಗಿದೆ. ಯಾರಿಗೂ ಕೇಳಿಸಲಿಲ್ಲ. ಅಷ್ಟರಲ್ಲಿ ಅವಳ ಅಳು ನಿಂತಿತ್ತು. ಅವನೇ ನಿಲ್ಲಿಸಿದ್ದ. ಇನ್ನು ನಾನು ಕಟ್ ಮಾಡಬಹುದಿತ್ತು. ಮಾಡದೆ ಆ ಆಕಾಶವನ್ನೇ ನೋಡುತ್ತಾ ಕುಳಿತೆ.