ಮೆಣಸಿನಕಾಯಿ ಚೀಲಕ್ಕೆ ನುಗ್ಗಿದ ಟೆಂಪೊ

ಬ್ಯಾಡಗಿ,
ಫೆಬ್ರುವರಿ ಮೂವತ್ತು, ೨೧೮೭

ನೂರ ಅರವತ್ತು ವರ್ಷ ಹಿಂದಿರುವ ಹಿರಿಯರಿಗೆ ನಗೀನಾ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ಈಗ ಎಲ್ಲ ತಿಂಗಳಿಗೂ ಮೂವತ್ತು ದಿನ ಹಂಚಿ, ಮಿಕ್ಕ ಐದು ದಿನ ರಜೆ ಮಾಡಿಕೊಂಡಿದ್ದೇವೆ. ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಿ.

ನಾನು ಒಂದು ಮಾತುಕಟ್ಟೆಯನ್ನು ನೋಡಿಕೊಳ್ಳುತ್ತೇನೆ. ಗಾಡಿ ಓಡಿಸುವವರು ಕರೆ ಬಂದರೆ ನಿಲ್ಲಿಸಿ, ನೆರಳಲ್ಲಿ ಕುಳಿತು ಮಾತು ಮುಗಿಸಿಕೊಂಡು ಹೋಗುವ ಜಾಗವನ್ನು ನಾವು ಹಾಗೆನ್ನುತ್ತೇವೆ. ಚಹಾ, ಗಿರ್ಮಿಟ್ ಸಿಗುತ್ತದೆ. ಮೊನ್ನೆ ಒಬ್ಬಾಕೆ ಅತ್ತೆಯೊಡನೆ ಮಾತಾಡುತ್ತಲೇ ಮೂರು ತಟ್ಟೆ ಗಿರ್ಮಿಟ್ ಖಾಲಿ ಮಾಡಿದಳು. ಈ ಕಟ್ಟೆ ಹುಟ್ಟಿದ್ದು ನಿಮ್ಮ ಕಾಲದಲ್ಲಿ.

ಫಕ್ಕೀರಪ್ಪ ಎಂಬವರು ಇಲ್ಲಿ ಟೆಂಪೊ ಓಡಿಸುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ಒಂದು ಕೋಳಿಗೂ ಗಾಡಿ ತಾಗಿಸಿದವರಲ್ಲ. ಒಂದು ಮುಂಜಾನೆ ಪೇಟೆಯೊಳಗೆ ತಿರುಗುತ್ತಿದ್ದಾಗ ಹೆಂಡತಿ ದ್ಯಾಮವ್ವನ ಫೋನು ಬಂತು. ಒಂದು ಕೈ ಸ್ಟೀರಿಂಗ್ ಮೇಲಿಟ್ಟುಕೊಂಡೇ ಎತ್ತಿದರು.

“ಮಗಳಿಗೆ ಹೆಣ್ಣು ಕೂಸು ಹುಟ್ಟೇತ್ರಿ! ಫೋಟೊ ಕಳಿಸೇನಿ, ನೋಡ್ರಿ.”

ನೋಡಿದರು. ಮೂಗು ಯಾರ ಹಾಗಿದೆ ಎಂದು ನೋಡಿದಷ್ಟೇ ಹೊತ್ತು. ತಲೆಯೆತ್ತಿದರೆ ಎದುರಿಗೆ, ತಾಯಿಗೆ ಬುತ್ತಿ ಒಯ್ಯುತ್ತಿದ್ದ ಏಳು ವರ್ಷದ ರೇಷ್ಮಾ. ಸ್ಟೀರಿಂಗ್ ಎಳೆದ ರಭಸಕ್ಕೆ ಟೆಂಪೊ ಅಂಗಡಿ ಮುಂದೆ ಒಟ್ಟಿದ್ದ ಮೆಣಸಿನಕಾಯಿ ಚೀಲಗಳಿಗೆ ನುಗ್ಗಿ ನಿಂತಿತು. ಹುಡುಗಿಗೂ ಗಾಡಿಗೂ ನಡುವೆ ಒಂದೇ ಗೇಣು. ಒಡೆದ ಚೀಲಗಳಿಂದ ಬೀದಿಯೆಲ್ಲ ಘಾಟು. ಬೈಯಲು ಬಂದವರು, ಬಿಡಿಸಲು ಬಂದವರು, ಕೊನೆಗೆ ಬಂದ ಪೊಲೀಸರು, ಎಲ್ಲರೂ ಸೀನತೊಡಗಿದರು.

ಕಾಯಿಯ ತೊಟ್ಟು ಮುರಿಯುವ ಕೆಲಸ ಬಿಟ್ಟು ಓಡಿಬಂದ ತಾಯಿ ಮಾಬೂಬಿ ಮಗಳನ್ನು ಅವಚಿಕೊಂಡಳು. ಫಕ್ಕೀರಪ್ಪ ಟೆಂಪೊದಿಂದ ಇಳಿದು ನೆಲದ ಮೇಲೆ ಕುಳಿತಿದ್ದರು.

“ಮೊಮ್ಮಗಳು ಹುಟ್ಟ್ಯಾಳವ್ವಾ. ಫೋಟೊ ನೋಡಾಕ ಹೋದೆ.”

“ನಿನ್ನ ಕೂಸು ನೋಡಾಕ ಹೋಗಿ, ನನ್ನ ಕೂಸು ಕಾಣ್ಲಿಲ್ಲೇನೋ ಯಣ್ಣಾ?”

ಫಕ್ಕೀರಪ್ಪ ಮುಖ ಮುಚ್ಚಿಕೊಂಡು ಅತ್ತರು. ಅದು ಘಾಟಿಗೆ ಬಂದ ನೀರಲ್ಲ ಎಂದು ಮಾಬೂಬಿಗೆ ಗೊತ್ತಾಯಿತು. ಬೈಗುಳ ನಿಲ್ಲಿಸಿ, ಕುಡಿಯಲು ನೀರು ಕೊಟ್ಟಳು.

ಮರುದಿನದಿಂದ ಅವರ ಫೋನು ಕೈಗೆಟುಕದಂತೆ ಸೀಟಿನ ಹಿಂದಿನ ಚೀಲ ಸೇರಿತು. ಅದು ಎಷ್ಟೇ ಬಡಿದುಕೊಂಡರೂ ಊರ ಹೊರಗಿನ ಬೇವಿನ ಮರದಡಿ ಗಾಡಿ ನಿಲ್ಲಿಸಿದ ಮೇಲೆಯೇ ತೆಗೆಯುತ್ತಿದ್ದರು. ಮೊದಮೊದಲು ಉಳಿದ ಚಾಲಕರು ನಕ್ಕರು. ಆಮೇಲೆ ಒಬ್ಬೊಬ್ಬರೇ ಅವರ ಪಕ್ಕ ಗಾಡಿ ನಿಲ್ಲಿಸತೊಡಗಿದರು. ಜನ ಸೇರಿದ್ದನ್ನು ಕಂಡ ಮಾಬೂಬಿ ಅಲ್ಲೇ ಚಹಾದ ಒಲೆ ಹೂಡಿದಳು. ರೇಷ್ಮಾ ದೊಡ್ಡವಳಾಗಿ ಅದನ್ನೇ ನಡೆಸಿದಳು, ತೊಂಬತ್ತೊಂದು ವರ್ಷ ಬದುಕಿದಳು. ಅವಳು ನನಗೆ ಐದು ತಲೆಮಾರು ಹಿಂದಿನ ಅಜ್ಜಿ. ಆ ಒಂದು ಗೇಣು ಜಾಗದಲ್ಲಿ ನಾವು ಅರವತ್ತು ಮಂದಿ ಹುಟ್ಟಿಬಂದಿದ್ದೇವೆ.

ಅಂದಿನಿಂದ ದ್ಯಾಮವ್ವನೂ ಗಂಡನೊಡನೆ ಫೋನಿನಲ್ಲಿ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: “ನಿಂತೀರೇನ್ರಿ?” ಈಗ ನಮ್ಮಲ್ಲಿ ಯಾರೂ ಹಲೋ ಅನ್ನುವುದಿಲ್ಲ, ಹೀಗೆಯೇ ಕೇಳುತ್ತೇವೆ.

ನೀವೂ ಕೇಳಿ. “ಇಲ್ಲ, ಗಾಡಿ ಓಡಿಸ್ತಿದ್ದೀನಿ” ಎಂದು ಆ ಕಡೆಯಿಂದ ಬಂದರೆ ಫೋನು ಇಟ್ಟುಬಿಡಿ. ಒಳ್ಳೆಯ ಸುದ್ದಿ ಅರ್ಧ ಗಂಟೆಯಲ್ಲಿ ಹಳಸುವುದಿಲ್ಲ.

ನಿಮ್ಮ,
ನಗೀನಾ