ಹಾಲಪ್ಪನ ಬಗ್ಗೆ ನೀವು ಬರೆದ ಮೂರು ಸಾಲು

ರಾಣೆಬೆನ್ನೂರು
೨೧೦೮ನೇ ಇಸವಿ, ಫೆಬ್ರುವರಿ ೩೦

ಮುತ್ತಜ್ಜ ಚಂದ್ರಮೌಳಿಯವರಿಗೆ, ಮರಿಮೊಮ್ಮಗಳು ನೀಲಗಂಗಾ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಈಗ ಫೆಬ್ರುವರಿಗೂ ಮೂವತ್ತು ದಿನ. ನಡುನಡುವೆ ನಿಮಗೆ ವಿಚಿತ್ರವೆನಿಸುವ ಪದಗಳು ಬಂದಾವು, ಕ್ಷಮಿಸಿ. ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಈ ಕಾಗದ ಓದುವಾಗ ನಿಮಗೆ ನಲವತ್ತರ ಆಸುಪಾಸು, ಮುತ್ತಜ್ಜ ಎನ್ನಿಸಿಕೊಳ್ಳುವ ವಯಸ್ಸಲ್ಲ. ಬೇರೆ ಹೇಗೆ ಕರೆಯಬೇಕೆಂದು ತಿಳಿಯದೆ ಹಾಗೆಯೇ ಬರೆಯುತ್ತಿದ್ದೇನೆ.

ನಿಮ್ಮ ಸ್ಟೀಲ್ ಪಾತ್ರೆ ಅಂಗಡಿ ಇದ್ದ ಓಣಿ ಈಗ ನೆರಳುಬೀದಿಯಾಗಿದೆ. ಬಿಸಿಲು ತಡೆಯಲಾರದೆ ಊರಿನ ಬೀದಿಗಳಿಗೆಲ್ಲ ನಾವು ದಪ್ಪ ಹತ್ತಿಬಟ್ಟೆಯ ಮಾಡು ಹೊದಿಸಿದ್ದೇವೆ. ವರ್ಷಕ್ಕೊಮ್ಮೆ ಓಣಿಯವರೆಲ್ಲ ಸೇರಿ ಅದನ್ನು ಇಳಿಸಿ, ಒಗೆದು, ಮತ್ತೆ ಕಟ್ಟುತ್ತೇವೆ. ಊಟಕ್ಕೆ ಈಗಲೂ ಜೋಳದ ರೊಟ್ಟಿಯೇ, ಆದರೆ ಪಲ್ಯ ಹೆಚ್ಚಾಗಿ ಕಾರವಾರದ ಕಡೆಯಿಂದ ಬರುವ ಕಡಲಸೊಪ್ಪಿನದು. ಸ್ವಲ್ಪ ಲೋಳೆ, ಸ್ವಲ್ಪ ಉಪ್ಪು. ನೀವಿದ್ದಿದ್ದರೆ ಅದರ ಬಗ್ಗೆಯೂ ಒಂದು ಅಭಿಪ್ರಾಯ ಹಾಕುತ್ತಿದ್ದಿರಿ ಎಂದು ನಮ್ಮಮ್ಮ ನಗುತ್ತಿದ್ದಳು. ಈಗ ಆ ಮಾತು ಎತ್ತುವುದಿಲ್ಲ.

ನಿಮ್ಮ ಕಾಲದ ಜಾಲತಾಣಗಳು ಎಂದೋ ಮುಚ್ಚಿಹೋದವು. ಅವುಗಳಲ್ಲಿ ಬರೆದದ್ದು ಮಾತ್ರ ಹೋಗಲಿಲ್ಲ. ಅದನ್ನು ನಾವು ಉಳಿಮಾತು ಎನ್ನುತ್ತೇವೆ. ಯಾರು ಬೇಕಾದರೂ ಯಾರದನ್ನು ಬೇಕಾದರೂ ಓದಬಹುದು. ನಿಮ್ಮ ಉಳಿಮಾತು ನಮ್ಮ ಮನೆಯ ಹೆಮ್ಮೆಯಾಗಿತ್ತು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಗಲ್ಲಾದ ಹಿಂದೆ ಕುಳಿತು ಕ್ರಿಕೆಟ್ಟು, ಧಾರಾವಾಹಿ, ಉಪ್ಪಿನಕಾಯಿ, ಪಕ್ಕದ ಓಣಿಯ ಗಟಾರ, ಎಲ್ಲದರ ಬಗ್ಗೆಯೂ ನೀವು ಬರೆದಿರಿ. ದಿನವೂ ಬರೆದಿರಿ, ದಿನಕ್ಕೆ ಹಲವು ಸಲ ಬರೆದಿರಿ. ‘ನಮ್ಮಜ್ಜ ಅನ್ನಿಸಿದ್ದನ್ನ ಅಂದ ಮನಿಶ್ಯಾ’ ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದ.

ಹೋದ ಸುಗ್ಗಿಯಲ್ಲಿ ನನಗೆ ಕೊಟ್ಟೂರಿನ ಕರಿಬಸವನ ಜೊತೆ ಸಂಬಂಧ ಕೂಡಿಬಂತು. ನಿಮ್ಮ ಕಾಲದಲ್ಲಿ ಜಾತಕ ನೋಡುತ್ತಿದ್ದರಂತೆ. ನಾವು ಮಾತೊರೆ ಮಾಡುತ್ತೇವೆ. ಎರಡೂ ಕಡೆಯವರು ಒಟ್ಟಿಗೆ ಕುಳಿತು ಹಿರಿಯರ ಉಳಿಮಾತನ್ನು ಓದಿಸಿ ಕೇಳುವುದು ಅಷ್ಟೇ. ಅದರಲ್ಲಿ ನಗುವೇ ಹೆಚ್ಚು. ಯಾವ ಅಜ್ಜ ಯಾವ ನಟಿಗಾಗಿ ಜಗಳಾಡಿದ, ಯಾವ ಅಜ್ಜಿ ಬೀಗತಿಯ ಚಟ್ನಿಯನ್ನು ಆಡಿಕೊಂಡಳು, ಹೀಗೆ. ಅವತ್ತು ನಮ್ಮ ಪಡಸಾಲೆಯಲ್ಲಿ ಓದಲು ಕುಳಿತವಳು ನನ್ನ ಚಿಕ್ಕಮ್ಮ ಗಿರಿಜಾ. ಎದುರಿಗೆ ಕರಿಬಸವನ ಅಜ್ಜಿ, ಸಿಂಚನಜ್ಜಿ. ತೊಂಬತ್ತರ ಹತ್ತಿರದ ಜೀವ.

ಚಿಕ್ಕಮ್ಮ ನಿಮ್ಮ ಒಂದು ದಿನವನ್ನು ಸುಮ್ಮನೆ ತೆಗೆದು ಓದತೊಡಗಿದಳು. ಬೆಳಿಗ್ಗೆ ನೀವು ಬದನೆಕಾಯಿಯ ರುಚಿ ಮೊದಲಿನಂತಿಲ್ಲ ಎಂದಿದ್ದಿರಿ. ಎಲ್ಲರೂ ನಕ್ಕರು. ಅದರ ಕೆಳಗೆ, ಕಾಲುವೆಗೆ ಉರುಳಿದ ಶಾಲೆಯ ವ್ಯಾನಿನ ಸುದ್ದಿ. ದಂಡೆಯಲ್ಲಿ ತಲೆ ಹಿಡಿದು ಕುಳಿತ ಚಾಲಕನ ಫೋಟೋಕ್ಕೆ ನೀವು ಬರೆದದ್ದು ಹೀಗಿತ್ತು: ‘ಕಣ್ಣು ನೋಡಿದರೇ ಗೊತ್ತಾಗುತ್ತದೆ, ಕುಡಿದಿದ್ದಾನೆ. ಇಂಥವರ ಕೈಗೆ ಮಕ್ಕಳನ್ನು ಕೊಡುವವರಿಗೆ ಬುದ್ಧಿ ಬೇಡವೇ? ಇದು ನನ್ನ ವೈಯಕ್ತಿಕ ಅಭಿಪ್ರಾಯ.’

“ಇನ್ನೊಮ್ಮೆ ಓದವ್ವಾ,” ಎಂದರು ಸಿಂಚನಜ್ಜಿ.

ಚಿಕ್ಕಮ್ಮ ಓದಿದಳು. ಈ ಸಲ ಯಾರೂ ನಗಲಿಲ್ಲ.

“ಆ ವ್ಯಾನ್ ಹೊಡೀತಿದ್ದಾಂವ ನಮ್ಮಪ್ಪ. ಹಾಲಪ್ಪ ಅಂತ. ನಮ್ಮಪ್ಪ ಕುಡೀತಿದ್ದಿಲ್ಲ. ಹುಡುಗ್ರನ್ನ ಎತ್ತಾಕ ನೀರಾಗ ಮುಳುಗಿ ಮುಳುಗಿ ಕಣ್ಣು ಕೆಂಪಾಗಿದ್ವು. ಒಂದು ಕೂಸು ಸಿಗಲಿಲ್ಲ. ಅದಕ್ಕ ಅಳಾಕ ಹತ್ತಿದ್ದ.”

ಆಮೇಲಿನದನ್ನೂ ಅವರೇ ಹೇಳಿದರು. ನಿಮ್ಮ ಮೂರು ಸಾಲು ಮಧ್ಯಾಹ್ನದೊಳಗೆ ಊರೆಲ್ಲ ತಿರುಗಿತು. ಸಂಜೆಗೆ ಅದು ಅಭಿಪ್ರಾಯವಾಗಿ ಉಳಿದಿರಲಿಲ್ಲ, ಸಂಗತಿಯಾಗಿತ್ತು. ಬ್ರೇಕಿನ ಪೈಪು ಒಡೆದಿತ್ತು ಎಂದು ತನಿಖೆಯವರು ಹೇಳಿದಾಗ ಕೇಳುವವರು ಇರಲಿಲ್ಲ. ಮನೆಯ ಮಾಲೀಕ ಮನೆ ಬಿಡಿಸಿದ. ಶಾಲೆಯಲ್ಲಿ ಹುಡುಗರು ಆರು ವರ್ಷದ ಸಿಂಚನಾಳಿಗೆ ಖಾಲಿ ಬಾಟಲಿ ತೋರಿಸಿ ‘ನಿಮ್ಮಪ್ಪಂದು’ ಎಂದರು. ಹಾಲಪ್ಪ ಹೆಂಡತಿ ಮಗಳನ್ನು ಕರೆದುಕೊಂಡು ಕೊಟ್ಟೂರಿಗೆ ಹೋಗಿ ಹತ್ತಿ ಮಿಲ್ಲಿನಲ್ಲಿ ಹಮಾಲಿ ಮಾಡಿದ. ಸಾಯುವತನಕ ಸ್ಟೇರಿಂಗು ಮುಟ್ಟಲಿಲ್ಲ.

ನಾನು ನೆಲ ನೋಡುತ್ತ ಕುಳಿತಿದ್ದೆ. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಆಗ ಅಪ್ಪ, ಏನಾದರೂ ಹೇಳಲೇಬೇಕೆಂದು, “ಆಗಿನ ಕಾಲದಾಗ ಎಲ್ಲಾರೂ ಹಂಗ ಬರೀತಿದ್ರು, ಅಜ್ಜಿ. ಅದು ಬರೇ ಅಭಿಪ್ರಾಯ,” ಎಂದ. ಮುತ್ತಜ್ಜ, ನಿಮ್ಮ ಸಾಲು ಕೇಳಿದಾಗ ಆದದ್ದಕ್ಕಿಂತ ಹೆಚ್ಚು ನಾಚಿಕೆ ನನಗೆ ಆ ಮಾತಿಗೆ ಆಯಿತು.

ಅಜ್ಜಿ ಅವನತ್ತ ನೋಡಲಿಲ್ಲ. ಚಿಕ್ಕಮ್ಮನಿಗೆ, “ತಪ್ಪಾತು ಅಂತ ಮುಂದ ಎಲ್ಲ್ಯಾರ ಬರದಾರೇನು, ನೋಡವ್ವಾ,” ಎಂದರು.

ಚಿಕ್ಕಮ್ಮ ಹುಡುಕಿದಳು. ಮರುದಿನ ನೀವು ಸೆಕೆಯ ಬಗ್ಗೆ ಬರೆದಿದ್ದಿರಿ. ಅದರ ಮರುದಿನ ಯಾರೋ ನಟನ ಮದುವೆಯ ಬಗ್ಗೆ. ಆಮೇಲೆ ಈರುಳ್ಳಿ, ಆಮೇಲೆ ಬಸ್‌ಸ್ಟ್ಯಾಂಡಿನ ಶೌಚಾಲಯ, ಆಮೇಲೆ ಈಗಿನ ಹುಡುಗಿಯರ ಉಡುಪು. ಒಂದೊಂದನ್ನೂ ಚಿಕ್ಕಮ್ಮ ಓದುತ್ತ ಹೋದಳು, ಅವಳ ದನಿ ಕುಗ್ಗುತ್ತ ಹೋಯಿತು. ತನಿಖೆಯ ವರದಿ ಬಂದ ದಿನ ನೀವು ಹೊಸ ಬಗೆಯ ಕುಕ್ಕರಿನ ಬಗ್ಗೆ ಬರೆದಿದ್ದಿರಿ. ಹಾಲಪ್ಪನ ಹೆಸರು ಎಲ್ಲಿಯೂ ಇರಲಿಲ್ಲ. ಅವನ ಮೇಲೆ ನಿಮಗೆ ದ್ವೇಷವಿತ್ತು ಎಂದಾಗಿದ್ದರೆ ಬಹುಶಃ ನಮಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ನಿಮಗೆ ಅವನ ನೆನಪೇ ಇರಲಿಲ್ಲ.

“ಸಾಕು ಬಿಡವ್ವಾ,” ಎಂದು ಅಜ್ಜಿ ಎದ್ದರು. ಕರಿಬಸವ ಅವರ ಕೈ ಹಿಡಿದುಕೊಂಡ. ಅಜ್ಜಿ ಬಾಗಿಲಲ್ಲಿ ನಿಂತು ನನ್ನ ಕಡೆ ತಿರುಗಿ, “ಮದುವಿ ಆಗ್ಲಿ. ಈ ಹುಡುಗಿ ಏನ್ ಮಾಡ್ಯಾಳ? ಆದ್ರ ಈ ಮನ್ಯಾಗ ನಾ ಉಣ್ಣಂಗಿಲ್ಲ,” ಎಂದರು.

ಹಾಗೆಯೇ ಆಯಿತು. ಮದುವೆಗೆ ಬಂದರು, ಅಕ್ಷತೆ ಹಾಕಿದರು, ನಮ್ಮ ಮನೆಯ ಒಂದು ಗುಟುಕು ನೀರನ್ನೂ ಮುಟ್ಟದೆ ಹೊರಟುಹೋದರು. ಈಗ ನಾನು ಕೊಟ್ಟೂರಿನಲ್ಲಿ, ಅವರ ಮನೆಯಲ್ಲೇ ಇದ್ದೇನೆ. ತವರಿಗೆ ಬಂದಿರುವ ಈ ನಾಲ್ಕು ದಿನದಲ್ಲಿ ಇದನ್ನು ಬರೆಯುತ್ತಿದ್ದೇನೆ. ಅಲ್ಲಿ ನಾನು ಬಡಿದ ರೊಟ್ಟಿಯನ್ನು ಅವರು ಉಣ್ಣುತ್ತಾರೆ, ಚೆನ್ನಾಗಿದೆ ಎನ್ನುತ್ತಾರೆ. ನಿಮ್ಮ ಹೆಸರು ಎತ್ತುವುದಿಲ್ಲ. ಎತ್ತಿ ಬೈದಿದ್ದರೆ ನನಗೆ ತಲೆ ಎತ್ತಲು ಸ್ವಲ್ಪ ಸುಲಭವಾಗುತ್ತಿತ್ತೇನೋ.

ಈ ಕಾಗದವನ್ನು ಹಿಂಟಪಾಲಿಗೆ ಹಾಕುತ್ತಿದ್ದೇನೆ. ಅದು ಹಿಂದಿನವರಿಗೆ ಕಾಗದ ಒಯ್ಯುವ ಅಂಚೆ. ಯಾವ ದಿನಕ್ಕೆ ತಲುಪಬೇಕೆಂದು ನಾವು ಹೇಳುವಂತಿಲ್ಲ, ಅಂಚೆಯವರೇ ಗೊತ್ತುಮಾಡಿ ತಿಳಿಸುತ್ತಾರೆ. ವ್ಯಾನು ಉರುಳುವ ಮೊದಲೇ ಮುಟ್ಟಿಸಿ ಎಂದು ಕೈಮುಗಿದು ಬೇಡಿದೆ, ಆಗಲಿಲ್ಲ. ನಿಮ್ಮ ಕೈಗೆ ಸಿಗುವಾಗ ನೀವು ಅದನ್ನು ಬರೆದು ಕೆಲವು ವಾರಗಳಾಗಿರುತ್ತವೆ, ಮರೆತೂ ಇರುತ್ತೀರಿ. ಆದರೆ ಹಾಲಪ್ಪ ಇನ್ನೂ ಊರು ಬಿಟ್ಟಿರುವುದಿಲ್ಲ. ಅಂಗಡಿಗೆ ಬಾಗಿಲು ಹಾಕಿ ಅವನ ಮನೆಗೆ ಹೋಗಿ. ಏನು ಹೇಳಬೇಕೆಂದು ನಾನು ಕಲಿಸಲಾರೆ. ಬಂದ ಮೇಲೆ ನೀವು ಎಲ್ಲಿ ಬರೆದಿರೋ ಅಲ್ಲಿಯೇ ಇನ್ನೊಂದು ಸಾಲು ಬರೆಯಿರಿ: ಹಾಲಪ್ಪ ಕುಡಿದಿರಲಿಲ್ಲ, ನಾನು ತಿಳಿಯದೆ ಬರೆದೆ.

ನೀವು ಅಲ್ಲಿ ಬರೆದರೆ ಇಲ್ಲಿ ನಿಮ್ಮ ಉಳಿಮಾತಿನಲ್ಲಿ ಅದು ಮೂಡುತ್ತದಂತೆ. ನಾನು ದಿನವೂ ತೆಗೆದು ನೋಡುತ್ತೇನೆ. ಅಜ್ಜಿಗೆ ಈಗ ಒಂದೇ ಕಿವಿ ಕೇಳುತ್ತದೆ, ಅದೂ ಮಂದವಾಗುತ್ತಿದೆ. ಬೇಗ ಬರೆಯಿರಿ.

ನಿಮ್ಮ ಮರಿಮೊಮ್ಮಗಳು,
ಹಾಲಪ್ಪನ ಮನೆಯ ಸೊಸೆ,
ನೀಲಗಂಗಾ